ಪೆನ್ ಸ್ಟೇಷನ್ ಮತ್ತು ನದಿಯ ಕೆಳಗಿನ ಸುರಂಗಗಳು

ಎಲ್ಲರಿಗೂ ನಮಸ್ಕಾರ.

ನ್ಯೂಯಾರ್ಕಿನ ಹಳೆಯ ಪೆನ್ಸಿಲ್ವೇನಿಯಾ ಸ್ಟೇಷನ್ ಅಂದ ಕೂಡಲೇ ಎಲ್ಲರೂ ಅದರ ಕಂಬಗಳ ಬಗ್ಗೆ ಮಾತಾಡುತ್ತಾರೆ. ನಾನು ಇವತ್ತು ಸುರಂಗಗಳ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಸುರಂಗ ಇಲ್ಲದಿದ್ದರೆ ಆ ಸ್ಟೇಷನ್ನೇ ಹುಟ್ಟುತ್ತಿರಲಿಲ್ಲ.

1900ರ ಸುಮಾರಿಗೆ ಪೆನ್ಸಿಲ್ವೇನಿಯಾ ರೈಲು ಕಂಪನಿ ಅಮೆರಿಕದ ದೈತ್ಯ ಕಂಪನಿಗಳಲ್ಲಿ ಒಂದು. ಆದರೂ ಅದರ ಹಳಿ ಹಡ್ಸನ್ ನದಿಯ ಈಚೆ ದಡದ ಜರ್ಸಿ ಸಿಟಿಯಲ್ಲೇ ಮುಗಿಯುತ್ತಿತ್ತು. ಎದುರಿಗೇ ನ್ಯೂಯಾರ್ಕಿನ ನಡುಭಾಗವಾದ ದ್ವೀಪ ಮ್ಯಾನ್‌ಹಟನ್ ಕಾಣುತ್ತಿದೆ. ಅಲ್ಲಿಗೆ ಹೋಗಬೇಕಾದರೆ ರೈಲು ಇಳಿದು, ಗಂಟುಮೂಟೆ ಹೊತ್ತು, ಫೆರಿ ಹತ್ತಬೇಕು. ಸೇತುವೆ ಕಟ್ಟುವ ಯೋಚನೆ ಇತ್ತು. ಖರ್ಚಿಗೆ ಬೇರೆ ಕಂಪನಿಗಳು ಕೈಜೋಡಿಸಲಿಲ್ಲ.

ಕಂಪನಿಯ ಅಧ್ಯಕ್ಷ ಅಲೆಕ್ಸಾಂಡರ್ ಕಸ್ಸಾಟ್ 1901ರಲ್ಲಿ ಪ್ಯಾರಿಸ್‌ಗೆ ಹೋದರು. ಅಲ್ಲಿನ ಓರ್ಸೆ ನಿಲ್ದಾಣಕ್ಕೆ ವಿದ್ಯುತ್ ಎಂಜಿನ್‌ಗಳು ನೆಲದಡಿಯಿಂದ ಬರುತ್ತಿದ್ದವು. ಹಬೆ ಎಂಜಿನ್ನನ್ನು ಉದ್ದದ ಸುರಂಗದೊಳಗೆ ಬಿಟ್ಟರೆ ಹೊಗೆಗೆ ಉಸಿರು ಕಟ್ಟುತ್ತದೆ. ವಿದ್ಯುತ್ತಿಗೆ ಆ ತೊಂದರೆಯೇ ಇಲ್ಲ, ಅಲ್ವಾ? ಅದೇ ಡಿಸೆಂಬರಿನಲ್ಲಿ ಯೋಜನೆ ಪ್ರಕಟವಾಯಿತು. ಮರುತಿಂಗಳೇ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಸುರಂಗದಲ್ಲಿ, ಹೊಗೆ ತುಂಬಿದ್ದ ಹೊತ್ತಿನಲ್ಲಿ, ಒಂದು ರೈಲು ಇನ್ನೊಂದಕ್ಕೆ ಗುದ್ದಿ 15 ಜನ ಸತ್ತರು. ಕಸ್ಸಾಟ್ ಹಿಡಿದ ದಾರಿ ಎಷ್ಟು ಸರಿ ಎಂದು ಆಗ ಊರಿಗೆಲ್ಲ ತಿಳಿಯಿತು.

ಹಡ್ಸನ್ ಕೆಳಗೆ ಎರಡು ಸುರಂಗ, ದ್ವೀಪದ ಇನ್ನೊಂದು ಬದಿಯ ಈಸ್ಟ್ ರಿವರ್ ಕೆಳಗೆ ನಾಲ್ಕು. ಹಡ್ಸನ್ ತಳದಲ್ಲಿ ಬಹುಪಾಲು ಬರೀ ಮೆತ್ತನೆಯ ಹೂಳು. ಹಾಗಾಗಿ ಶೀಲ್ಡ್ ಎಂಬ ದೊಡ್ಡ ಉಕ್ಕಿನ ಕವಚವನ್ನು ಜಾಕ್‌ಗಳಿಂದ ಮುಂದಕ್ಕೆ ತಳ್ಳುತ್ತಿದ್ದರು. ಕವಚದ ಬಾಗಿಲುಗಳಿಂದ ಹೂಳು ಶಾವಿಗೆ ಒರಳಿನಿಂದ ಇಳಿದ ಹಾಗೆ ಒಳಗೆ ಬರುತ್ತಿತ್ತು. ಹಿಂದುಗಡೆ 23 ಅಡಿ ಅಗಲದ ಎರಕದ ಕಬ್ಬಿಣದ ಬಳೆಗಳನ್ನು ಒಂದೊಂದಾಗಿ ಬಿಗಿಯುತ್ತಾ ಹೋಗುತ್ತಿದ್ದರು. ನಮ್ಮ ಮೆಜೆಸ್ಟಿಕ್ ಕೆಳಗೆ ಮೆಟ್ರೊ ಸುರಂಗ ಕೊರೆದ ಯಂತ್ರಗಳಲ್ಲೂ ಈ ಶೀಲ್ಡ್ ಉಪಾಯವೇ ಇದೆ.

ನೀರು ನುಗ್ಗದಂತೆ ಒಳಗೆ ಒತ್ತಡದ ಗಾಳಿ ತುಂಬುತ್ತಿದ್ದರು. ಸ್ಯಾಂಡ್‌ಹಾಗ್ ಎಂದು ಕರೆಸಿಕೊಂಡ ಕೂಲಿಗಳು ಆ ಗಾಳಿಯಲ್ಲೇ ದುಡಿಯಬೇಕು. ಕೆಲಸ ಮುಗಿಸಿ ಅವಸರದಲ್ಲಿ ಹೊರಗೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತದೆ. ಕೀಲುಗಳು ತಡೆಯಲಾರದಷ್ಟು ನೋಯುತ್ತವೆ, ಕೆಲವೊಮ್ಮೆ ಪ್ರಾಣವೇ ಹೋಗುತ್ತದೆ. ಈಸ್ಟ್ ರಿವರ್ ಕಡೆ ಇನ್ನೂ ಕಷ್ಟ. ಅಲ್ಲಿ ಒತ್ತಡದ ಗಾಳಿ ನದಿಯ ತಳವನ್ನೇ ಸೀಳಿಕೊಂಡು ಮೇಲೆ ಚಿಮ್ಮುತ್ತಿತ್ತು. ಬಾರ್ಜ್‌ಗಳಲ್ಲಿ ಜೇಡಿಮಣ್ಣು ತಂದು ಸುರಿದು ತೂತು ಮುಚ್ಚಬೇಕಾಗುತ್ತಿತ್ತು. ಸ್ಟೇಷನ್ ಕಟ್ಟಿದವರು ಯಾರು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಜನರನ್ನೇ.

1906ರ ಸೆಪ್ಟೆಂಬರಿನಲ್ಲಿ ಹಡ್ಸನ್ನಿನ ಎರಡು ದಡಗಳಿಂದ ಕೊರೆದುಕೊಂಡು ಬಂದವರು ನಡುವೆ ಒಬ್ಬರನ್ನೊಬ್ಬರು ಸೇರಿದರು. ಆದರೆ ಎಂಜಿನಿಯರ್‌ಗಳಿಗೆ ಒಂದು ಚಿಂತೆ ಉಳಿದಿತ್ತು. ಸಮುದ್ರದ ಉಬ್ಬರ ಇಳಿತದ ಜೊತೆಗೆ ಸುರಂಗವೂ ತುಸುವೇ ಮೇಲೆ ಕೆಳಗೆ ಆಡುತ್ತಿತ್ತು! ಕೆಳಗೆ ಆಧಾರಕ್ಕೆ ಕಂಬ ಕೊಡಬೇಕೇ ಬೇಡವೇ ಎಂದು ದೊಡ್ಡ ಚರ್ಚೆಯಾಯಿತು. ಅಳತೆಗಳನ್ನೆಲ್ಲ ನೋಡಿ, ಬೇಡ ಎಂದು ತೀರ್ಮಾನಿಸಿದರು. ಎಂಥ ಧೈರ್ಯ! ಅದೇ ವರ್ಷದ ಕೊನೆಯಲ್ಲಿ ಕಸ್ಸಾಟ್ ತೀರಿಕೊಂಡರು. ವಾಸ್ತುಶಿಲ್ಪಿ ಚಾರ್ಲ್ಸ್ ಮೆಕಿಮ್ 1909ರಲ್ಲಿ ಹೋದರು. 1910ರಲ್ಲಿ ಸ್ಟೇಷನ್ ತೆರೆದಾಗ ಇಬ್ಬರೂ ಇರಲಿಲ್ಲ.

ಕಟ್ಟಡ ಭವ್ಯವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ರೋಮಿನ ಕ್ಯಾರಕಲಾ ಸ್ನಾನಗೃಹದ ಮಾದರಿಯ ಹಾಲ್, ಸುಮಾರು 150 ಅಡಿ ಎತ್ತರ. ಗುಲಾಬಿ ಛಾಯೆಯ ಗ್ರಾನೈಟ್. ಕೆಳಗೆ 21 ಹಳಿ. ಆದರೆ ಕಾರು, ವಿಮಾನಗಳ ಕಾಲ ಬಂತು, ಕಂಪನಿ ಸೊರಗಿತು. ಸ್ಟೇಷನ್ ಮೇಲಿನ ಜಾಗವನ್ನು ಬಳಸುವ ಹಕ್ಕು ಮಾರಿತು. 1963ರಲ್ಲಿ ಒಡೆಯಲು ಶುರುಮಾಡಿದರು. ಕಲ್ಲಿನ ಚೂರುಗಳು ನ್ಯೂಜರ್ಸಿಯ ಜೌಗಿನಲ್ಲಿ ಬಿದ್ದವು. ಇದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಆ ಸಿಟ್ಟು ನ್ಯೂಯಾರ್ಕಿಗೂ ಬಂತು. 1965ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಕಾನೂನು ಬಂತು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ ಉಳಿದದ್ದು ಅದರಿಂದಲೇ.

ಇಷ್ಟೆಲ್ಲ ಆದರೂ ಕೆಳಗೆ ರೈಲು ನಿಲ್ಲಲಿಲ್ಲ. ಕಟ್ಟಡ ಒಡೆಯುತ್ತಿದ್ದಾಗಲೂ ಜನ ಅಲ್ಲೇ ಹತ್ತಿ ಇಳಿಯುತ್ತಿದ್ದರು. 2012ರಲ್ಲಿ ಸ್ಯಾಂಡಿ ಚಂಡಮಾರುತದ ಉಪ್ಪುನೀರು ಹಡ್ಸನ್ ಸುರಂಗಗಳಿಗೆ ನುಗ್ಗಿತು. ಆ ಉಪ್ಪು ಕಾಂಕ್ರೀಟನ್ನೂ ಕೇಬಲ್‌ಗಳನ್ನೂ ಈಗಲೂ ತಿನ್ನುತ್ತಿದೆ. ಸರಿಯಾಗಿ ರಿಪೇರಿ ಮಾಡಲು ಸುರಂಗ ಮುಚ್ಚಬೇಕು. ಒಂದನ್ನು ಮುಚ್ಚಿದರೆ ಉಳಿದ ಒಂದಕ್ಕೆ ಅಷ್ಟು ರೈಲುಗಳ ಭಾರ ತಡೆಯಲು ಆಗುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಹೊಸ ಜೋಡಿ ಸುರಂಗದ ಕೆಲಸ 2023ರಲ್ಲಿ ಶುರುವಾಯಿತು. ಅದು ಮುಗಿದ ಮೇಲೆ 1910ರ ಸುರಂಗಗಳನ್ನು ಒಂದೊಂದಾಗಿ ಮುಚ್ಚಿ, ದುರಸ್ತಿ ಮಾಡಿ, ಮತ್ತೆ ರೈಲಿಗೆ ಬಿಡುವ ಯೋಜನೆ ಇದೆ.