ಸೂರಿನ ದೀಪ, ಅಂಗಳದ ಕೆಲಸ

ಕೇಳುಗರಿಗೆಲ್ಲ ನಮಸ್ಕಾರ. ಕ್ರಿಸ್‌ಮಸ್ ಹತ್ತಿರ ಬಂತು, ಮನೆಯ ಅಂಚಿನುದ್ದಕ್ಕೂ ಪಿಕ್ಸೆಲ್ ದೀಪ ಕಟ್ಟುವುದು ಹೇಗೆಂದು ಹೇಳಿ ಎಂದು ಭದ್ರಾವತಿ ಆಕಾಶವಾಣಿಯವರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ನಿಜ ಹೇಳಬೇಕೆಂದರೆ ನನ್ನ ಬಳಿ ಇರುವುದು ಒಂದೇ ಮಾತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೆಲದ ಮೇಲೆ ಮಾಡಬಹುದಾದ ಯಾವ ಕೆಲಸವನ್ನೂ ಏಣಿಯ ಮೇಲೆ ಮಾಡಬೇಡಿ. ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಾ ಕೇಳುತ್ತಿರುವವರು ಇಷ್ಟನ್ನು ನೆನಪಿಟ್ಟುಕೊಂಡು ರೇಡಿಯೊ ಆರಿಸಿದರೂ ನನಗೆ ಬೇಸರವಿಲ್ಲ.

ಪಿಕ್ಸೆಲ್ ದೀಪ ಎಂದರೇನು? ಗಣಪತಿ ಪೆಂಡಾಲಿಗೂ ಮದುವೆ ಮನೆಗೂ ಕಟ್ಟುವ ಸೀರಿಯಲ್ ಸೆಟ್ ನಿಮಗೆಲ್ಲ ಗೊತ್ತು. ಅದರ ದೀಪಗಳು ಗುಂಪಾಗಿ ಉರಿಯುತ್ತವೆ, ಗುಂಪಾಗಿ ಆರುತ್ತವೆ. ಪಿಕ್ಸೆಲ್ ಮಾಲೆಯಲ್ಲಿ ಹಾಗಲ್ಲ. ಒಂದೊಂದು ದೀಪದ ಹೊಟ್ಟೆಯಲ್ಲೂ ಕೆಂಪು, ಹಸಿರು, ನೀಲಿ ಎಂದು ಮೂರು ಎಲ್‌ಇಡಿಗಳು ಮತ್ತು ಅವನ್ನು ಆಳುವ ಒಂದು ಪುಟ್ಟ ಚಿಪ್ ಇರುತ್ತವೆ. ನೂರನೆಯ ದೀಪ ಕೆಂಪಾಗಿದ್ದು, ನೂರೊಂದನೆಯದು ಹಸಿರಾಗಿರಬಹುದು. ಅಂಗಡಿಯಲ್ಲಿ ಡಬ್ಲ್ಯುಎಸ್ 2811 ಎಂದು ಕೇಳಿ, ಕೊಡುತ್ತಾರೆ. ಐವತ್ತು ದೀಪಗಳ ಮಾಲೆಯಾಗಿ ಬರುತ್ತದೆ.

ಇದು ಕೆಲಸ ಮಾಡುವ ರೀತಿ ನಮ್ಮ ಊಟದ ಪಂಕ್ತಿಯಂತೆ. ಬಾಳೆ ಎಲೆಯ ಕಟ್ಟನ್ನು ಪಂಕ್ತಿಯ ಮೊದಲನೆಯವನ ಕೈಗೆ ಕೊಟ್ಟರೆ ಅವನು ಮೇಲಿನ ಒಂದು ಎಲೆಯನ್ನು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವನಿಗೆ ದಾಟಿಸುತ್ತಾನೆ. ಅವನೂ ಹಾಗೆಯೇ. ಮೊದಲ ದೀಪವೂ ತನ್ನ ಪಾಲಿನ ಬಣ್ಣದ ಆದೇಶವನ್ನು ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ಕಳಿಸುತ್ತದೆ. ಒಂದು ದೀಪದ ಪಾಲು 24 ಬಿಟ್, ಅಂದರೆ ಸೊನ್ನೆ-ಒಂದುಗಳ 24 ಅಂಕಿ. ಸೆಕೆಂಡಿಗೆ ದಾಟುವುದು 8 ಲಕ್ಷ ಬಿಟ್. ಮುನ್ನೂರು ದೀಪಗಳ ಪಂಕ್ತಿಗೆ ಎಲೆ ಹಾಕಿ ಮುಗಿಸಲು ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಆದರೆ ನಡುವೆ ಒಬ್ಬ ಎದ್ದುಹೋದರೆ ಅವನಾಚೆಗಿನ ಯಾರಿಗೂ ಎಲೆ ಇಲ್ಲ. ಇನ್ನೊಂದು, ಎಲೆ ದಾಟುವುದು ಒಂದೇ ದಿಕ್ಕಿಗೆ. ಪ್ರತಿ ಮಾಲೆಗೂ ಒಳಬಾಗಿಲು ಒಂದು, ಹೊರಬಾಗಿಲು ಒಂದು. ದೀಪದೊಳಗಿನ ಚಿಕ್ಕ ಸರ್ಕ್ಯೂಟ್ ಹಲಗೆಯ ಮೇಲೆ ಬಾಣದ ಗುರುತಿರುತ್ತದೆ, ಕಣ್ಣಿಗೆ ಹತ್ತಿರ ಹಿಡಿದರೆ ಕಾಣುತ್ತದೆ.

ಬಾಣದ ಮಾತು ಬಂದ ಮೇಲೆ ಒಂದು ಕತೆ ಹೇಳಲೇಬೇಕು.

ಗಾಜನೂರು ದಾಟಿ ತೀರ್ಥಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿ ನನಗೆ ನಾಲ್ಕನೆಯ ತರಗತಿಯಲ್ಲಿ ಪಾಠ ಹೇಳಿದ ಟೀಚರ್ ಇದ್ದಾರೆ. ಈಗ ನಿವೃತ್ತರು, ಆದರೆ ಊರಿಗೆಲ್ಲ ಇಂದಿಗೂ ಟೀಚರ್. ಹಳೆಯ ಹೆಂಚಿನ ಮನೆ, ಎದುರಿಗೆ ಅಗಲವಾದ ಅಂಗಳ, ಪಕ್ಕದ ಮನೆಯವರ ಅಡಿಕೆ ಅಟ್ಟ. ಡಿಸೆಂಬರ್ ಬಂತೆಂದರೆ ಅವರ ಅಡುಗೆಮನೆಯಲ್ಲಿ ಕುಸ್ವಾರ್ ತಿಂಡಿಗಳ ಪರಿಮಳ, ಅಂಗಳದಲ್ಲಿ ಒಣಹುಲ್ಲಿನ ಗೋದಲಿ. ಒಂದು ವರ್ಷ ಅವರ ಮಗ ದೂರದ ಊರಿನಿಂದ ಆರು ಮಾಲೆ ಪಿಕ್ಸೆಲ್ ದೀಪ ತಂದ. ನನ್ನನ್ನು ಕರೆದ. ನನಗೆ ಆಗ ಎಲ್ಲವೂ ಗೊತ್ತಿತ್ತು, ಆ ವಯಸ್ಸೇ ಹಾಗೆ.

ಡಿಸೆಂಬರ್ 24ರ ಮಧ್ಯಾಹ್ನ ಏಣಿ ಹತ್ತಿದೆವು. ಮಾಲೆಯ ಒಂದೊಂದು ದೀಪವನ್ನೂ ಸೂರಿನ ರೀಪಿಗೆ ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿಯುತ್ತಾ ಹೋದೆವು. ಒಂದು ದೀಪ ಎರಡು ಇಂಚು ದೂರ, ಇನ್ನೊಂದು ನಾಲ್ಕು ಇಂಚು ದೂರ, ಮತ್ತೊಂದರ ಮುಖ ಹೆಂಚಿನ ಒಳಗೆ. ನಾಲ್ಕು ಟ್ಯಾಗ್ ಹಾಕುವುದು, ಇಳಿಯುವುದು, ಏಣಿ ಸರಿಸುವುದು, ಮತ್ತೆ ಹತ್ತುವುದು. ಟೀಚರ್ ಕೆಳಗೆ ಏಣಿ ಹಿಡಿದು ನಿಂತು, ಎರಡೂ ಮೊಣಕಾಲು ನೋಯುತ್ತಿದ್ದರೂ ಹೇಳದೆ, ಆಗಾಗ ಕಾಫಿ ಬೇಕೇ ಎಂದು ಕೇಳುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಆರೂ ಮಾಲೆಗಳು ಮುಗಿದವು. ಸ್ವಿಚ್ ಹಾಕಿದೆವು. ಎಡಗಡೆಯ ಕಂಬ ಉರಿಯಿತು, ಎಡಗಡೆಯ ಇಳಿಜಾರು ಉರಿಯಿತು, ಕೋಡಿನ ತುದಿಯವರೆಗೆ ಚೆಂದ. ಅಲ್ಲಿಂದ ಆಚೆ ಕತ್ತಲು. ಮನೆ ಅರ್ಧ ಮೀಸೆ ಬೋಳಿಸಿಕೊಂಡವನ ಮುಖದಂತೆ ಕಾಣುತ್ತಿತ್ತು.

ದೀಪ ಕೆಟ್ಟಿದೆ ಎಂದುಕೊಂಡೆವು. ಟೀಚರ್ ಬಿಟ್ಟ ಟಾರ್ಚಿನ ಬೆಳಕಿನಲ್ಲಿ, ಏಣಿಯ ಹನ್ನೆರಡನೆಯ ಮೆಟ್ಟಿಲಲ್ಲಿ ನಿಂತು, ಒಂದು ಕೈಯಲ್ಲಿ ಬೆಸುಗೆಯ ಕಡ್ಡಿ, ಇನ್ನೊಂದು ಕೈಯಲ್ಲಿ ವೈರು ಹಿಡಿದು ಒಂದು ದೀಪ ಬದಲಿಸಿದೆ. ಉರಿಯಲಿಲ್ಲ. ಎರಡನೆಯದನ್ನೂ ಬದಲಿಸಿದೆ. ಉರಿಯಲಿಲ್ಲ. ಸಿಟ್ಟಿನಲ್ಲಿ ಮೊಣಕೈ ಊರಿದ್ದಕ್ಕೆ ಹೆಂಚೊಂದು ಜಾರಿ ಅಂಗಳಕ್ಕೆ ಬಿತ್ತು. ಬಿದ್ದದ್ದು ಗೋದಲಿಯ ಮೇಲೆ. ಬಾಲಯೇಸುವಿಗೆ ಏನೂ ಆಗಲಿಲ್ಲ, ಒಂಟೆಯ ಕತ್ತು ಮುರಿಯಿತು. ಅಷ್ಟರಲ್ಲಿ ರಾತ್ರಿಯ ಬಲಿಪೂಜೆಗೆ ಹೊತ್ತಾಯಿತು, ಎಲ್ಲರೂ ಚರ್ಚಿಗೆ ಹೊರಟರು. ಮರುದಿನ ಬೆಳಕಿನಲ್ಲಿ ನೋಡಿದರೆ ದೀಪಗಳೆಲ್ಲ ಚೆನ್ನಾಗಿಯೇ ಇದ್ದವು. ಬಲಗಡೆಯ ಮಾಲೆಯನ್ನು ನಾನೇ ತಿರುಗಿಸಿ ಕಟ್ಟಿದ್ದೆ. ಬಾಣ ನನ್ನ ಕಡೆಗೇ ನೋಡುತ್ತಿತ್ತು.

ಟೀಚರ್ ಬೈಯಲಿಲ್ಲ. ನೆವ್ರಿ ಎಂಬ ಕುಸ್ವಾರ್ ತಿಂಡಿಯ ತಟ್ಟೆ ಮುಂದಿಟ್ಟು ಹೇಳಿದರು: "ನಾನು ತರಗತಿಯಲ್ಲಿ ಭಾರತದ ಭೂಪಟವನ್ನು ಕೋಲಿಗೆ ಸುತ್ತಿಕೊಂಡು ಬಂದು ಮೊಳೆಗೆ ತೂಗುಹಾಕುತ್ತಿದ್ದೆನಲ್ಲ, ನೆನಪಿದೆಯೇನಪ್ಪಾ? ಸ್ಟೂಲು ಹತ್ತಿ ಗೋಡೆಯ ಮೇಲೆ ಭಾರತ ಬರೆಯುತ್ತಿರಲಿಲ್ಲ." ಎಂಜಿನಿಯರಿಂಗ್ ಪುಸ್ತಕಗಳಲ್ಲಿ ನನಗೆ ಸಿಗದ ಪಾಠ ಅದು.

ಮುಂದಿನ ವರ್ಷ ಪಕ್ಕದ ಮನೆಯ ಅಟ್ಟಕ್ಕೆ ಹಾಸಿ ಉಳಿದ ಅಡಿಕೆ ದಬ್ಬೆಗಳನ್ನು, ಅಂದರೆ ಅಡಿಕೆ ಮರ ಸೀಳಿದ ಪಟ್ಟಿಗಳನ್ನು, ಕೇಳಿ ತಂದೆವು. ಎಂಟು ಅಡಿ ಉದ್ದಕ್ಕೆ ಕತ್ತರಿಸಿ, ಹೆರೆದು, ಅಂಗಳದಲ್ಲಿ ಸಾಲಾಗಿ ಮಲಗಿಸಿದೆವು. ಮೂರು ಇಂಚಿಗೊಂದು ಗುರುತು, ಗುರುತಿಗೊಂದು 12 ಮಿಲಿಮೀಟರಿನ ತೂತು. ಮೊದಲು ಸಣ್ಣ ಡ್ರಿಲ್ ಬಿಟ್ಟಿನಿಂದ ಕೊರೆದು ಆಮೇಲೆ ದೊಡ್ಡದು ಹಾಕಬೇಕು, ಇಲ್ಲದಿದ್ದರೆ ದಬ್ಬೆ ಸೀಳುತ್ತದೆ. ಹಿಂಬದಿಯಿಂದ ದೀಪವನ್ನು ಒತ್ತಿದರೆ ಅದರ ರಬ್ಬರಿನ ಕತ್ತು ತೂತಿನಲ್ಲಿ ಕಚ್ಚಿ ಕೂರುತ್ತದೆ. ಶಿವಮೊಗ್ಗದ ಪೇಟೆಯಲ್ಲಿರುವವರು ದಬ್ಬೆಗೆ ಎಲ್ಲಿ ಹೋಗಲಿ ಎನ್ನಬೇಡಿ. ವೈರಿಂಗಿಗೆ ಬಳಸುವ ಪಿವಿಸಿ ಕೇಸಿಂಗ್ ಪಟ್ಟಿ ಎಲ್ಲ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಅದು ಬಳುಕುತ್ತದೆ, ಬೆನ್ನಿಗೊಂದು ಮರದ ರೀಪು ಕೊಡಿ.

ಅಂದರೆ ದೀಪವನ್ನು ಕಟ್ಟುವುದು ಪಟ್ಟಿಗೆ, ಮನೆಗಲ್ಲ. ಮನೆಗೆ ತೂಗುವುದು ಪಟ್ಟಿಯನ್ನು. ಪಟ್ಟಿಯ ಕೆಲಸವೆಲ್ಲ ಅಂಗಳದಲ್ಲಿ ಚಾಪೆ ಹಾಸಿಕೊಂಡು. ಬಾಣಗಳನ್ನೆಲ್ಲ ಒಂದೇ ದಿಕ್ಕಿಗೆ ಇಡುವುದು, ಬೆಸುಗೆ ಹಾಕುವುದು, ಉರಿಸಿ ನೋಡುವುದು ಎಲ್ಲವೂ ಅಲ್ಲಿಯೇ. ಉರಿಸಿ ನೋಡದ ಪಟ್ಟಿ ಮೇಲೆ ಹೋಗಕೂಡದು.

ಹುಡುಗರು ನನ್ನ ಬಳಿ ಬಂದು ಮೊದಲು ಕೇಳುವುದು ಏನು ಗೊತ್ತೇ? "ಸಾರ್, ಯಾವ ಆ್ಯಪ್?" ಆ್ಯಪ್ ಕೊನೆಗೆ ಬರುತ್ತದೆ, ಮಾರಾಯರೆ! ಮೊದಲು ಟೇಪು. ಟೇಪು ಹಿಡಿದು ಮನೆಯ ಮುಂದೆ ನಿಲ್ಲಿ. ಟೀಚರ್ ಮನೆಯ ಲೆಕ್ಕವನ್ನೇ ಹೇಳುತ್ತೇನೆ, ಪೆನ್ನು ಇದ್ದವರು ಬರೆದುಕೊಳ್ಳಿ. ಎರಡು ಇಳಿಜಾರು, ತಲಾ 16 ಅಡಿ. ಎರಡು ಕಂಬ, ತಲಾ 8 ಅಡಿ. ಜಗಲಿಯ ಸೂರು 24 ಅಡಿ. ಒಟ್ಟು 72 ಅಡಿ. ಎಂಟಡಿಯ ದಬ್ಬೆ ಒಂಬತ್ತು. ಒಂದು ದಬ್ಬೆಗೆ 32 ದೀಪ, ಒಟ್ಟು 288. ಆರು ಮಾಲೆಯಲ್ಲಿ 300 ದೀಪ, ಹನ್ನೆರಡು ಕೈಯಲ್ಲಿ ಉಳಿಯುತ್ತವೆ. ಉಳಿಯಬೇಕು ಕೂಡ. ಮೊದಲ ತೂತನ್ನು ದಬ್ಬೆಯ ತುದಿಯಿಂದ ಒಂದೂವರೆ ಇಂಚಿಗೆ ಹಾಕಿ. ಆಗ ಎರಡು ದಬ್ಬೆಗಳು ಕೂಡುವಲ್ಲೂ ಅಂತರ ಮೂರೇ ಇಂಚು ಬರುತ್ತದೆ, ರಸ್ತೆಯಿಂದ ನೋಡುವವರಿಗೆ ಬೆಸುಗೆಯೇ ಕಾಣುವುದಿಲ್ಲ.

ರಂಗೋಲಿ ಹಾಕುವ ತಾಯಂದಿರಿಗೆ ಒಂದು ಪ್ರಶ್ನೆ. ಎರಡು ಕಂಬ, ಮೇಲೆ ಮುಕ್ಕೋನದ ಮಾಡು, ಇಂಥ ಮನೆಯನ್ನು ಎಳೆ ಮುರಿಯದೆ, ಒಂದೇ ಗೆರೆಯ ಮೇಲೆ ಎರಡು ಸಲ ಹೋಗದೆ ಬರೆಯಬಹುದೇ? ಆಗುವುದಿಲ್ಲ, ಪ್ರಯತ್ನಿಸಿ ನೋಡಿ. ಹಾಗಾಗಿ ಇಲ್ಲಿ ಎರಡು ಎಳೆ ಬೇಕು. ಎಡಗಂಬದ ಬುಡದಿಂದ ಹತ್ತಿ ಕೋಡು ದಾಟಿ ಬಲಗಂಬದಲ್ಲಿ ಇಳಿಯುವುದು ಒಂದು, ಜಗಲಿಯ ಸೂರು ಇನ್ನೊಂದು. ಇದನ್ನು ಕಾಗದದ ಮೇಲೆ ಬರೆದು, ಬಾಣ ಹಾಕಿ, ದಬ್ಬೆಗಳಿಗೆ ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದರೆ ಅರ್ಧ ಕೆಲಸ ಮುಗಿಯಿತು. ಕಾಗದವೂ ನೆಲದ ಮೇಲಿನ ಕೆಲಸವೇ.

ಇನ್ನು ವಿದ್ಯುತ್ತು. ಭದ್ರಾ ಅಚ್ಚುಕಟ್ಟಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆಯ ತಲೆಯಲ್ಲಿರುವವನ ಗದ್ದೆಗೆ ನೀರು ತುಂಬಿ ಹರಿದರೂ ಕೊನೆಯಂಚಿನವನಿಗೆ ತೇವ ಮಾತ್ರ. ಸಣ್ಣ ವೈರಿನಲ್ಲೂ ಹಾಗೆಯೇ. ಹರಿಯುತ್ತಾ ಹರಿಯುತ್ತಾ ವೋಲ್ಟೇಜು ಬೀಳುತ್ತದೆ, ಬಿಳಿ ಬಣ್ಣ ಹಾಕಿದರೆ ಮೊದಲ ದೀಪ ಹಾಲಿನಂತೆ, ಕೊನೆಯ ದೀಪ ಹಳೆಯ ಬೆಲ್ಲದಂತೆ ಕಾಣುತ್ತದೆ. ಮದ್ದು ಸುಲಭ. ಪ್ರತಿ ನೂರು ದೀಪಕ್ಕೊಮ್ಮೆ ದಪ್ಪ ವೈರಿನಲ್ಲಿ ಹೊಸದಾಗಿ ವಿದ್ಯುತ್ತು ತಂದು ಕೂಡಿಸಿ. ಆ ತುಂಡು ವೈರನ್ನೂ ಅಂಗಳದಲ್ಲೇ ದಬ್ಬೆಯ ಬೆನ್ನಿಗೆ ಕಟ್ಟಿಬಿಡಿ. ದೀಪ 12 ವೋಲ್ಟಿನದೇ ಇರಲಿ. ಪೂರ್ತಿ ಬಿಳಿಯಾಗಿ ಉರಿದಾಗ ಒಂದಕ್ಕೆ 60 ಮಿಲಿ ಆಂಪಿಯರ್ ಎಂದು ಹಿಡಿಯಿರಿ. 288ಕ್ಕೆ ಸುಮಾರು 17 ಆಂಪಿಯರ್, ವಾಟಿನಲ್ಲಿ 207. ಪವರ್ ಸಪ್ಲೈ 350 ವಾಟಿನದು ತನ್ನಿ. ಎತ್ತಿಗೆ ಎಳೆಯಬಲ್ಲಷ್ಟೂ ಹೇರುವುದಿಲ್ಲವಲ್ಲ, ಹಾಗೆ. ಪ್ರಕಾಶವನ್ನು ನೂರಕ್ಕೆ ಮೂವತ್ತಕ್ಕೆ ಇಳಿಸಿ. ನಮ್ಮ ಮಲೆನಾಡಿನ ಕತ್ತಲಿಗೆ ಅದೇ ಧಾರಾಳ, ಪಕ್ಕದ ಮನೆಯವರಿಗೆ ನಿದ್ದೆಯೂ ಬರಲಿ.

ಕತೆಗೇ ನನ್ನ ಅರ್ಧ ಸಮಯ ಹೋಯಿತು, ಉಳಿದದ್ದನ್ನು ಓಡಿಸಿಕೊಂಡು ಹೇಳುತ್ತೇನೆ. ನಿಯಂತ್ರಣಕ್ಕೆ ಇಎಸ್‌ಪಿ 32 ಎಂಬ ಚಿಕ್ಕ ಸರ್ಕ್ಯೂಟ್ ಹಲಗೆ ಸಾಕು. ಅದರಲ್ಲಿ ಡಬ್ಲ್ಯುಎಲ್‌ಇಡಿ ಎಂಬ ಉಚಿತ ತಂತ್ರಾಂಶ ಹಾಕಿದರೆ ಮೊಬೈಲಿನಿಂದಲೇ ಬಣ್ಣ ಬದಲಿಸಬಹುದು. ಹುಡುಗರೆ, ನೀವು ಕೇಳಿದ ಆ್ಯಪ್ ಇದೇ. ಈ ಹಲಗೆಯಿಂದ ಮೊದಲ ದೀಪಕ್ಕೆ ಎರಡು ಮೂರು ಮೀಟರಿಗಿಂತ ಹೆಚ್ಚು ದೂರ ಬೇಡ. ಡಿಸೆಂಬರಿನ ಇಬ್ಬನಿ ಮಳೆಗಿಂತ ಕಳ್ಳ, ಬೆಸುಗೆ ಹಾಕಿದಲ್ಲೆಲ್ಲ ಸಿಲಿಕೋನ್ ಮೆತ್ತಿ. 12 ವೋಲ್ಟು ಜೀವ ತೆಗೆಯದಿದ್ದರೂ ಬೆಂಕಿ ಹಚ್ಚಬಲ್ಲದು, ಪ್ರತಿ ಕವಲಿಗೂ ಫ್ಯೂಸ್ ಹಾಕಿ. 230 ವೋಲ್ಟಿನ ಪೆಟ್ಟಿಗೆ ಜಗಲಿಯ ಒಳಗಿರಲಿ, ಅರ್ಥಿಂಗ್ ಇರಲಿ, ವಿದ್ಯುತ್ತು ಸೋರಿದರೆ ತಾನೇ ಆರಿಸುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇರಲಿ. ಈ ಸಾಲಿನಲ್ಲಿ ಚೌಕಾಸಿ ಇಲ್ಲ.

ಏಣಿ ಹತ್ತುವುದು ಒಂದೇ ಸಲ, ಕೊಕ್ಕೆ ತಿರುಗಿಸಲು. ಸೂರಿನ ಹಲಗೆಗೆ ದಬ್ಬೆಗೆ ಎರಡರಂತೆ ಕೊಕ್ಕೆ ಹಾಕಿದರೆ ವರ್ಷಾನುಗಟ್ಟಲೆ ಅಲ್ಲೇ ಇರುತ್ತವೆ. ಅದಕ್ಕೂ ಹಗಲಿನಲ್ಲಿ ಹತ್ತಿ. ನಾಲ್ಕು ಅಡಿ ಎತ್ತರಕ್ಕೆ ಏಣಿಯ ಬುಡ ಗೋಡೆಯಿಂದ ಒಂದಡಿ ದೂರವಿರಲಿ. ಹೆಂಚಿನ ಕೆಳಗೆ ಕಣಜದ ಗೂಡಿದೆಯೇ ಎಂದು ಮೊದಲು ನೋಡಿ. ಮುಂದಿನ ವರ್ಷದಿಂದ ದಬ್ಬೆಗೆ ಕಟ್ಟಿದ ತಂತಿಯ ಕಿವಿಗಳನ್ನು ಕೊಕ್ಕೆಗೆ ಸಿಕ್ಕಿಸಲು ಇಬ್ಬರು, ಎರಡು ಬಿದಿರಿನ ದೋಟಿ, ಅಂದರೆ ಉದ್ದನೆಯ ಗಳ, ಸಾಕು. ಬಿದಿರಿನದು ಎಂದೆ, ಗಮನಿಸಿ. ಅಡಿಕೆ ಗೊನೆ ಕೊಯ್ಯಲು ಈಗ ಬಂದಿರುವ ಕಾರ್ಬನ್ ಫೈಬರಿನ ದೋಟಿಯೂ ಅಲ್ಯೂಮಿನಿಯಂ ದೋಟಿಯೂ ವಿದ್ಯುತ್ತನ್ನು ಹರಿಯಬಿಡುತ್ತವೆ. ಕಂಬದಿಂದ ಮನೆಗೆ ಬರುವ ತಂತಿಯ ಹತ್ತಿರ ಅವನ್ನು ಎತ್ತಲೇಬೇಡಿ.

ಟೀಚರ್ ಮನೆಯಲ್ಲಿ ಮೂರು ರಾಯರ ಹಬ್ಬ ಮುಗಿದ ಮೇಲೆ, ಅಂದರೆ ಜನವರಿ 6ರ ನಂತರ, ಒಂಬತ್ತು ದಬ್ಬೆಗಳನ್ನು ಇಳಿಸಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅಂಕಿ ಹಾಕಿದ್ದರಿಂದ ಕ್ರಮವಾಗಿ ಕಟ್ಟಿ ಅಟ್ಟಕ್ಕೆ ಏರಿಸುತ್ತೇವೆ. ಕತ್ತು ಮುರಿದ ಒಂಟೆಗೆ ನಾನು ಬೇರೆ ತಂದುಕೊಡುತ್ತೇನೆಂದರೂ ಅವರು ಒಪ್ಪಿಲ್ಲ. ಅಂಟು ಹಚ್ಚಿ ಪ್ರತಿ ವರ್ಷ ಗೋದಲಿಯಲ್ಲಿ ಮುಂದೆಯೇ ನಿಲ್ಲಿಸುತ್ತಾರೆ, ನಾನು ಬರುವ ದಾರಿಗೆ ಮುಖ ಮಾಡಿ. ನಮಸ್ಕಾರ.