ಮೊದಲು ಕೇಳಿ, ಆಮೇಲೆ ಹೇಳಿ

ಕೇಳುಗರಿಗೆಲ್ಲ ನಮಸ್ಕಾರ. ಶುಗರ್, ಬಿಪಿ, ಅಸ್ತಮಾ ಅಂತ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರು, ಅವರ ಮನೆಯವರು, ಅವರನ್ನು ನೋಡಿಕೊಳ್ಳುವ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಇವತ್ತಿನ ಮಾತು ನಿಮ್ಮ ಜೊತೆ. ನಾನು ಹೇಳುವುದು ಒಂದೇ. ಮೊದಲು ಕೇಳಿ, ಆಮೇಲೆ ಹೇಳಿ.

ವರ್ಷಕ್ಕೆ 8,760 ಗಂಟೆ. ತಿಂಗಳಿಗೊಮ್ಮೆ ಡಾಕ್ಟರ ಮುಂದೆ ಹತ್ತು ನಿಮಿಷ ಕೂತರೂ ವರ್ಷಕ್ಕೆ ಎರಡೇ ಗಂಟೆ. ಉಳಿದ ಅಷ್ಟೂ ಹೊತ್ತು ಕಾಯಿಲೆ ನೋಡಿಕೊಳ್ಳುವವರು ನೀವೇ. ಹಾಗಿದ್ದ ಮೇಲೆ ಆ ಎರಡು ಗಂಟೆಯಲ್ಲಿ ನೀವೂ ಮಾತಾಡಬೇಕು, ಅಲ್ವಾ? ಆದರೆ ನಡೆಯುವುದೇನು? "ಉಪ್ಪು ಕಮ್ಮಿ ಮಾಡಿ, ವಾಕಿಂಗ್ ಮಾಡಿ, ಮಾತ್ರೆ ತಪ್ಪಿಸಬೇಡಿ. ಯಾರಪ್ಪಾ ಮುಂದಿನವರು?"

ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧಿ ತೆಗೆದುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಅದೂ ಶ್ರೀಮಂತ ದೇಶಗಳ ಮಾತು. ಉಳಿದರ್ಧ ಜನರೆಲ್ಲ ಸೋಮಾರಿಗಳಾ? ಖಂಡಿತ ಅಲ್ಲ.

ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಅಕ್ಕ ನನ್ನ ಹತ್ತಿರ ಬಂದಿದ್ದರು. ಬಿಪಿ ಇಳಿಯುತ್ತಲೇ ಇರಲಿಲ್ಲ. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ "ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ" ಎಂದು ಬರೆದಿತ್ತು. ಹೋದಲ್ಲೆಲ್ಲ ಬೈಸಿಕೊಂಡು ಬಂದಿದ್ದವರು, ಕುರ್ಚಿಯ ತುದಿಯಲ್ಲೇ ಕೂತರು. ನಾನು ಚೀಟಿ ಪಕ್ಕಕ್ಕಿಟ್ಟು ಕೇಳಿದೆ: "ಅಕ್ಕಾ, ಮಾತ್ರೆ ಯಾವತ್ತು ತಪ್ಪುವುದೇ ಇಲ್ಲ?"

ಅವರು ಸುಮ್ಮನಾದರು. ನಾನೂ ಸುಮ್ಮನಿದ್ದೆ. ಸುಮಾರು ಹೊತ್ತು. ಸೆರಗಿನ ಅಂಚು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಯೋಚಿಸಿದರು. ಆಮೇಲೆ "ಭಾನುವಾರ ತಪ್ಪಲ್ಲ ಮೇಡಂ" ಅಂದರು. ಅಷ್ಟು ಹೇಳಿ ತಾವೇ ತಲೆಯೆತ್ತಿದರು. "ಭಾನುವಾರ ಮನೇಲಿರ್ತೀನಲ್ಲ! ಆ ಮಾತ್ರೆ ನುಂಗಿದ್ರೆ ಗಳಿಗೆಗೊಂದು ಸಲ ಒಂದಕ್ಕೆ ಹೋಗ್ಬೇಕು. ಲೈನ್ ಬಿಟ್ಟು ಎದ್ರೆ ಪೀಸ್ ಕಮ್ಮಿ ಆಗುತ್ತೆ, ಸೂಪರ್‌ವೈಸರ್ ಎಲ್ಲರ ಮುಂದೆ ಕೂಗಾಡ್ತಾರೆ. ಅದಕ್ಕೇ ನೀರೂ ಕುಡಿಯಲ್ಲ."

ನೋಡಿ! ಮೈಯಲ್ಲಿರುವ ಹೆಚ್ಚಿನ ಉಪ್ಪು, ನೀರನ್ನು ಮೂತ್ರದಲ್ಲಿ ಹೊರಹಾಕಿ ಬಿಪಿ ಇಳಿಸುವ ಮಾತ್ರೆ ಅದು. ಮಾತ್ರೆಯ ತಪ್ಪಿಲ್ಲ, ಅಕ್ಕನ ತಪ್ಪೂ ಇಲ್ಲ. ಮುಂದೇನು ಮಾಡೋಣ ಅಂತಲೂ ಅವರನ್ನೇ ಕೇಳಿದೆ. "ಬೇರೆ ಥರದ ಮಾತ್ರೆ ಇದೆಯಾ ಅಂತ ಡಾಕ್ಟರನ್ನ ನಾನೇ ಕೇಳ್ತೀನಿ" ಅಂದರು. ಕೇಳಿದರು. ಡಾಕ್ಟರು ಬದಲಾಯಿಸಿಕೊಟ್ಟರು. ಬಿಪಿ ಇಳಿಯಿತು. ಇಷ್ಟು ದಿನ ಬೈದವರಲ್ಲಿ ಯಾರಾದರೂ ಒಬ್ಬರು ಕೇಳಿದ್ದರೆ ಸಾಕಿತ್ತು!

ಡೆನ್ಮಾರ್ಕ್‌ನಲ್ಲಿ ನರ್ಸ್‌ಗಳು ಸಕ್ಕರೆ ಕಾಯಿಲೆಯವರ ಜೊತೆ ಇದನ್ನೇ ಒಂದು ಪದ್ಧತಿಯಾಗಿ ಬೆಳೆಸಿದ್ದಾರೆ. ಭೇಟಿಗೆ ಮೊದಲೇ ಪ್ರಶ್ನೆಗಳ ಹಾಳೆ ಕೊಡುತ್ತಾರೆ. ಈ ಕಾಯಿಲೆ ಜೊತೆ ಬದುಕುವುದರಲ್ಲಿ ನಿಮಗೆ ಕಷ್ಟವಾಗುತ್ತಿರುವುದು ಯಾವುದು, ಏನು ಬದಲಾಗಬೇಕು ಅಂತ. ಮನೆಯಲ್ಲಿ ಕೂತು ಯೋಚಿಸಿ ಬರೆಯಬೇಕು. ಮಾತು ಶುರುವಾಗುವುದೇ ಆ ಹಾಳೆಯಿಂದ. ನಮ್ಮಲ್ಲಿ ಬರೆಯಲು ಬಾರದವರು ಮಗಳ ಕೈಲೋ ಮೊಮ್ಮಗನ ಕೈಲೋ ಬರೆಸಬಹುದು.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಮನೆಯವರೇ, "ಮತ್ತೆ ಸ್ವೀಟ್ ತಿಂದ್ಯಾ?" ಅನ್ನುವ ಪೊಲೀಸ್ ಕೆಲಸ ದಯವಿಟ್ಟು ಬಿಡಿ. ಅದರಿಂದ ಜನ ಕದ್ದು ತಿನ್ನುವುದನ್ನು ಕಲಿಯುತ್ತಾರೆ, ಅಷ್ಟೇ. ಇವತ್ತು ಯಾವುದು ಕಷ್ಟವಾಯಿತು ಅಂತ ಕೇಳಿ. ನರ್ಸ್‌ಗಳೇ, ಕೇಳಿದ ಮೇಲೆ ಉತ್ತರವನ್ನೂ ನೀವೇ ಹೇಳಬೇಡಿ, ಸ್ವಲ್ಪ ಕಾಯಿರಿ. ಟೈಮ್ ಎಲ್ಲಿದೆ ಅನ್ನುತ್ತೀರಿ. ಅದೇ ಬುದ್ಧಿಮಾತನ್ನು ಪ್ರತಿ ತಿಂಗಳು ಹೇಳಲು ಟೈಮ್ ಇದೆಯಲ್ಲ? ಮೊದಲು ಕೇಳಿ, ಆಮೇಲೆ ಹೇಳಿ.

ಇನ್ನು ಕಾಯಿಲೆ ಇರುವ ನೀವು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಯಾವ ದಿನ ತಪ್ಪುತ್ತದೆ, ಯಾಕೆ ತಪ್ಪುತ್ತದೆ ಅಂತ ಎರಡು ಸಾಲು ಬರೆದು, ಮುಂದಿನ ಸಲ ಹೋದಾಗ ಕೂತ ತಕ್ಷಣ ಆ ಚೀಟಿಯನ್ನು ಡಾಕ್ಟರ ಕೈಗೆ ಕೊಡಿ. ನಮಸ್ಕಾರ.