ಬೆಟ್ಟದ ಬುಡ ನೋಡಿ

ಕೇಳುಗರೇ, ನಮಸ್ಕಾರ.

ಅಮೆರಿಕದ ಅರಿಜೋನಾ, ಯೂಟಾ ರಾಜ್ಯಗಳ ಗಡಿಯಲ್ಲಿ, ನವಾಹೋ ಜನರ ನೆಲದಲ್ಲಿ ಮಾನ್ಯುಮೆಂಟ್ ವ್ಯಾಲಿ ಅಂತ ಒಂದು ಜಾಗ ಇದೆ. ಚಿತ್ರದಲ್ಲಿ ನೋಡಿರುತ್ತೀರಿ. ಚಪ್ಪಟೆ ಬಯಲು, ನಡುನಡುವೆ ಕೆಂಪು ಕಲ್ಲಿನ ಒಂಟಿ ಗುಡ್ಡಗಳು. ಕೆಲವು 300 ಮೀಟರ್ ಎತ್ತರ, ಮೈ ಗೋಡೆಯ ಹಾಗೆ ನೆಟ್ಟಗೆ. ಈ ಗುಡ್ಡ ಇಲ್ಲಿಗೆ ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಗುಡ್ಡ ಬರಲಿಲ್ಲ ಸ್ವಾಮಿ, ಸುತ್ತಲಿನ ನೆಲ ಹೋಯಿತು! ಹೋದದ್ದು ಬುಡದಿಂದ. ಇವತ್ತು ನಾನು ಹೇಳುವುದು ಇಷ್ಟೇ.

ನಮ್ಮಜ್ಜಿ ಮನೆಯ ಹಿತ್ತಲಿಗೆ ಮಣ್ಣಿನ ಗೋಡೆ ಇತ್ತು. ಮಳೆಗೆ ಕರಗಬಾರದು ಅಂತ ಅಜ್ಜ ಅದರ ತಲೆಗೆ ಚಪ್ಪಡಿ ಕಲ್ಲು ಹೊದಿಸಿದ್ದರು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಏಣಿ ಹಾಕಿ ಒಂದೊಂದೇ ಚಪ್ಪಡಿ ತಟ್ಟಿ ನೋಡುತ್ತಿದ್ದರು. ಅಜ್ಜಿ ಕೆಳಗಿನಿಂದ, "ಮೇಲೇನು ನೋಡ್ತೀರಿ, ಬುಡ ನೋಡ್ರಿ" ಅನ್ನುತ್ತಿದ್ದರು. ಬಚ್ಚಲ ನೀರು ಹರಿಯುತ್ತಿದ್ದುದು ಗೋಡೆ ಬುಡಕ್ಕೇ. ಅಲ್ಲಿ ಕೈ ಹಾಕಿದರೆ ನನ್ನ ಮೊಣಕೈವರೆಗೂ ಒಳಗೆ ಹೋಗುತ್ತಿತ್ತು. ಗೋಲಿಗಳನ್ನು ಅಲ್ಲೇ ಬಚ್ಚಿಡುತ್ತಿದ್ದೆ. ಒಂದು ಆಷಾಢದ ಬೆಳಗಿನ ಜಾವ ಧಡ್ ಅಂತ ಸದ್ದು. ಎದ್ದು ಹೋಗಿ ನೋಡಿದರೆ ಮೂರು ಮಾರು ಗೋಡೆ ಮಗುಚಿ ಬಿದ್ದಿದೆ. ಚಪ್ಪಡಿಗಳಿಗೆ ಒಂದು ಗೀರೂ ಇಲ್ಲ! ಅಜ್ಜ ಬಂದವರಿಗೆಲ್ಲ ಅದನ್ನೇ ತೋರಿಸಿದರು. ಬಿದ್ದ ಮಣ್ಣು ಮುಂದಿನ ಮಳೆಗಾಲಕ್ಕೆ ಕೊಚ್ಚಿಹೋಗಿ, ಆ ಜಾಗದಲ್ಲಿ ಅಜ್ಜಿ ಸೋರೆಬಳ್ಳಿ ಹಬ್ಬಿಸಿ... ಇರಲಿ, ಗೋಡೆಯ ಕತೆ ಜಾಸ್ತಿಯಾಯಿತು.

ಮಾನ್ಯುಮೆಂಟ್ ವ್ಯಾಲಿಯಲ್ಲೂ ಇದೇ. ಮೇಲೆ ಗಟ್ಟಿ ಮರಳುಗಲ್ಲು, ಕೆಳಗೆ ಮೆತ್ತನೆಯ ಶೇಲ್, ಅಂದರೆ ಕಲ್ಲಾದ ಕೆಸರು. ಶೇಲ್ ಸವೆಯುತ್ತದೆ, ಮೇಲಿನ ಬಂಡೆಗೆ ಆಸರೆ ತಪ್ಪುತ್ತದೆ, ಬಿರುಕು ಇದ್ದ ಕಡೆ ಸೀಳಿ ಬೀಳುತ್ತದೆ. ಗೋಡೆ ಮತ್ತೆ ನೆಟ್ಟಗೇ ಉಳಿಯುತ್ತದೆ, ಆದರೆ ಒಂದು ಹೆಜ್ಜೆ ಹಿಂದೆ. ಬಿಟ್ಟುಹೋದ ಜಾಗವೇ ಬಯಲು. ದಕ್ಷಿಣ ಆಫ್ರಿಕಾದಲ್ಲಿ ಕೆಲಸ ಮಾಡಿದ ಭೂವಿಜ್ಞಾನಿ ಲೆಸ್ಟರ್ ಕಿಂಗ್ 1953ರಲ್ಲಿ ಇದನ್ನೇ ಬರೆದರು: ಇಳಿಜಾರು ತಗ್ಗುವುದಿಲ್ಲ, ಹಿಂದೆ ಸರಿಯುತ್ತದೆ.

ಮರುಭೂಮಿಯಲ್ಲಿ ನೀರೆಲ್ಲಿ, ಇದು ಗಾಳಿ ಕೆಲಸ ಅಲ್ವಾ ಅಂತ ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಅಲ್ಲ! ಮಳೆ ಅಪರೂಪ, ನಿಜ. ಬಂದರೆ ಮಾತ್ರ ಗುಡುಗಿನ ಮಳೆ. ಮಣ್ಣು ಹಿಡಿದಿಡಲು ಹುಲ್ಲೂ ಸಾಲದು. ಒಣಗಿದ ಹಳ್ಳ ನೋಡನೋಡುತ್ತ ಕೆಂಪಗೆ ಉಕ್ಕುತ್ತದೆ. ಚಳಿಗಾಲದಲ್ಲಿ ಬಿರುಕಿನ ನೀರು ಹೆಪ್ಪುಗಟ್ಟಿ ಕಲ್ಲು ಸೀಳುತ್ತದೆ. ಗಾಳಿ ಸುಮ್ನೆ ಕಸ ಗುಡಿಸುತ್ತದೆ, ಅಷ್ಟೆ.

ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಅಗಲವಾದ ಗುಡ್ಡ ಮೇಸಾ. ಸುತ್ತಲೂ ಬುಡ ಸವೆದು ಚಿಕ್ಕದಾದರೆ ಬ್ಯೂಟ್. ಇನ್ನೂ ಸವೆದರೆ ಬೆರಳಿನಂಥ ಕಂಬ. ಅದೂ ಬಿದ್ದರೆ ಬಯಲು. ನಮಸ್ಕಾರ.